ಅಳ್ಳಿ ಅನುಮಕ್ಕ ಕ್ಷಮೆ ಕೇಳಿದ ದಿನ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ನಾಗಲಕ್ಷ್ಮಿಯ ಮುಖ ನೋಡಿ ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಸೊಪ್ಪಿನ ಬೆಲೆ ಕೇಳಲು ಬಾಯಿ ಬಿಟ್ಟಳೆಂದರೆ ಮಾತ್ರ ಮುಂದೆ ಕೂತವಳು ತಟ್ಟನೆ ತಲೆಯೆತ್ತಿ, “ಅಯ್ಯೋ, ನೀವು ರೇಡಿಯೋದೋರಲ್ವಾ ಅಕ್ಕ?” ಎನ್ನುತ್ತಿದ್ದಳು. ಹದಿನೈದು ವರ್ಷ ಊರಿನ ಎಫ್‌ಎಂ ಸ್ಟೇಷನ್ನಿನಲ್ಲಿ ಮಾತಾಡಿದವಳು ನಾಗಲಕ್ಷ್ಮಿ. ಅಷ್ಟು ವರ್ಷದಲ್ಲಿ ಸ್ಟೇಷನ್ನಿಗೆ ಯಜಮಾನರು ಬದಲಾದರು, ಹೆಸರು ಬದಲಾಯಿತು, ಹಾಡುಗಳು ಬದಲಾದವು. ಬದಲಾದಾಗಲೆಲ್ಲ ಅವಳನ್ನು ಕರೆದು ಕೂರಿಸಿ, ನೀನು ಮಾತಾಡುವ ರೀತಿ ಸರಿಯಿಲ್ಲ ಎಂದು ಹೇಳಿದರು. ಯಾವ ರೀತಿ ಸರಿ ಎಂಬುದು ಮಾತ್ರ ಪ್ರತಿಸಲ ಬೇರೆಯಾಗಿರುತ್ತಿತ್ತು.

ಅವಳು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವಳು. ಅಪ್ಪ ಚನ್ನಪ್ಪನಿಗೆ ನಾಲೆ ನೀರಿನ ಗದ್ದೆಯಿತ್ತು, ನಾಲ್ಕು ತೆಂಗಿನ ಮರವಿತ್ತು. ಒಂದು ಬದುವಿನಿಂದ ಇನ್ನೊಂದು ಬದುವಿಗೆ ಕೂಗಿ ಮಾತಾಡುವವರ ಮನೆಯಲ್ಲಿ ಬೆಳೆದ ಹುಡುಗಿಯ ಗಂಟಲು ಸಹಜವಾಗಿಯೇ ತುಂಬಿಕೊಂಡಿತ್ತು. ಹೊಳೆನರಸೀಪುರದಲ್ಲಿ ಬಿ.ಎ. ಮುಗಿಸಿ, ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮನುವನ್ನು ಮದುವೆಯಾಗಿ ಬಂದಳು. ಮಗಳು ಸಿಂಧು ಶಿಶುವಿಹಾರಕ್ಕೆ ಹೋಗತೊಡಗಿದ ವರ್ಷ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ಹಾಸನಕ್ಕೆ ಹೊಸ ರೇಡಿಯೋ, ಉದ್ಘೋಷಕರು ಬೇಕಾಗಿದ್ದಾರೆ.

ಸ್ಟೇಷನ್ ಶುರುಮಾಡಿದ್ದವರು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಮಂಡಿಯಲ್ಲಿ ಕೂತರೆ ಪಕ್ಕದಲ್ಲಿ ರೇಡಿಯೋ ಗುನುಗುತ್ತಿರಬೇಕು ಎನ್ನುವ ಮನುಷ್ಯ. ವರ್ಷದ ಮೊದಲ ಉಳುಮೆಗೆ ಹೊನ್ನಾರು ಎನ್ನುತ್ತಾರಲ್ಲ, ಸ್ಟೇಷನ್ನಿಗೆ ಅದೇ ಹೆಸರಿಟ್ಟಿದ್ದರು: ಹೊನ್ನಾರು ಎಫ್‌ಎಂ.

ಆಯ್ಕೆಯ ದಿನ ಅವಳ ಕೈಗೊಂದು ಹಾಳೆ ಕೊಟ್ಟು ಓದಿಸಿದರು. “ಆಸನ ಜಿಲ್ಲೆಯ ಒಳೆನರಸೀಪುರ ತಾಲ್ಲೂಕಿನಲ್ಲಿ...” ಎಂದು ಅವಳು ಶುರುಮಾಡುತ್ತಿದ್ದಂತೆ, ಪಕ್ಕದಲ್ಲಿ ಕೂತಿದ್ದ ನಿವೃತ್ತ ಕನ್ನಡ ಮೇಷ್ಟರೊಬ್ಬರು ಪಕಪಕ ನಕ್ಕರು. “ಈಯಮ್ಮ ಮೊದಲು ಬಾಯಿ ತೊಳೆದುಕೊಂಡು ಬರಲಿ” ಎಂದರು. ನಾಗಲಕ್ಷ್ಮಿಯ ಕಿವಿ ಕಾದುಹೋಯಿತು. ಹಾಳೆ ಕೆಳಗಿಟ್ಟು ಹೊರಟೇಬಿಡುತ್ತಿದ್ದಳು. ಗಂಗಾಧರಯ್ಯನವರು ತಡೆದರು.

“ಕೂತ್ಕೊ ತಾಯಿ. ನಿನ್ನ ದನಿ ನನ್ನ ಎದೆಗೆ ನಾಟ್ತು. ಆದರೆ ಹಾಸನದ ರೇಡಿಯೋನೇ ಆಸನ ಅಂದರೆ ಹೆಂಗೆ? ಒಂದು ತಿಂಗಳು ನಾಲಿಗೆ ಪಳಗಿಸು, ಆಮೇಲೆ ಬಾ.”

ಅವಳು ಪಳಗಿಸಿದಳು. ಒಲೆಯ ಮುಂದೆ ನಿಂತು ಹಾಲು, ಹಸು, ಹೊಲ, ಹಾರೆ ಎಂದು ಉಸಿರು ಒತ್ತಿ ಒತ್ತಿ ಹೇಳಿದಳು. ಮನು ಊಟದ ತಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಿಂಗಳಾದ ಮೇಲೆ ಕೆಲಸ ಸಿಕ್ಕಿತು. ಬೆಳಿಗ್ಗೆ ವಚನ, ಆಮೇಲೆ ಚನ್ನರಾಯಪಟ್ಟಣದ ಕೊಬ್ಬರಿ ಧಾರಣೆ, ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನ ದರ, ಮಧ್ಯಾಹ್ನ ಕೇಳುಗರ ಪತ್ರ. “ಮಾನ್ಯ ಶ್ರೋತೃಗಳಿಗೆ ನಮಸ್ಕಾರ” ಎಂದು ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಕನ್ನಡದಲ್ಲಿ ಓದುತ್ತಿದ್ದಳು. ಗದ್ದೆಯಲ್ಲಿ ರೇಡಿಯೋ ಹಚ್ಚಿಕೊಂಡು ಮಗಳ ದನಿಗಾಗಿ ಕಾದ ಚನ್ನಪ್ಪ ಸಂಜೆ ಫೋನು ಮಾಡಿ, “ಇವತ್ತು ನೀನು ಬರ್ಲೇ ಇಲ್ವಲ್ಲವ್ವ, ಯಾರೋ ಮೈಸೂರು ಅಮ್ಮಣ್ಣಿ ಮಾತಾಡಿದ್ಲು” ಎಂದ. ಅದು ನಾನೇ ಎಂದು ಒಪ್ಪಿಸಲು ಅವಳಿಗೆ ಸಾಕುಬೇಕಾಯಿತು.

ಆದರೂ ಆ ದಿನಗಳನ್ನು ನೆನೆದರೆ ಅವಳಿಗೆ ದೊಡ್ಡ ದೂರೇನಿಲ್ಲ. ನಾಲಿಗೆ ತಿದ್ದಿದರು, ನಿಜ. ಆದರೆ ಆ ತಿದ್ದಿದ ನಾಲಿಗೆಯಿಂದ ಹೇಳಿಸುತ್ತಿದ್ದದ್ದು ಜನಕ್ಕೆ ಬೇಕಾದ ಮಾತು.

ಗಂಗಾಧರಯ್ಯನವರಿಗೆ ಎದೆಯ ಆಪರೇಷನ್ ಆದ ಮೇಲೆ ಮಗ ರುದ್ರೇಶ ಸ್ಟೇಷನ್ ನೋಡಿಕೊಳ್ಳತೊಡಗಿದ. ಮೊದಲ ಮೀಟಿಂಗಿನಲ್ಲೇ, “ಇದು ತಾತಂದಿರ ಸ್ಟೇಷನ್ ಆಗೋಗಿದೆ ಮೇಡಂ” ಎಂದ. ಹೊನ್ನಾರು ಎಂದರೆ ಏನೆಂದು ಕಾಲೇಜು ಹುಡುಗರಿಗೆ ಗೊತ್ತಿಲ್ಲವಂತೆ. ಹೊನ್ನಾರು ಹೋಗಿ ಹನಿ ಎಫ್‌ಎಂ ಆಯಿತು. ಮಳೆಹನಿಯಲ್ಲ, ಇಂಗ್ಲಿಷಿನವರು ಜೇನಿಗೆ ಹೇಳುವ ಹನಿ. ನಾಗಲಕ್ಷ್ಮಿ ಎಂಬ ಹೆಸರು ಉದ್ದವಾಯಿತೆಂದು ಅವಳನ್ನು ಆರ್‌ಜೆ ನಿಕ್ಕಿ ಮಾಡಿದರು. ಮೈಕಿನ ಮುಂದೆ ಎರಡು ಕನ್ನಡ ಪದಕ್ಕೆ ಮೂರು ಇಂಗ್ಲಿಷ್ ಪದ ಬೀಳಬೇಕು. ವಚನ ಹೋಯಿತು, ಧಾರಣೆ ಹೋಯಿತು, ಪತ್ರ ಹೋಯಿತು. ಸಿನಿಮಾ ಹಾಡು, ನಡುನಡುವೆ ಪ್ರೇಮದ ಸಲಹೆ. ಸ್ಕೂಲಿಗೆ ಹೋಗುವ ಮಗಳ ತಾಯಿ ತಾನು, ಯಾವನೋ ಹುಡುಗನಿಗೆ ‘ಅವಳು ಬ್ಲಾಕ್ ಮಾಡಿದರೆ ನೀನು ಚಿಲ್ ಮಾಡು’ ಎಂದು ಹೇಳಬೇಕು.

ಒಂದು ದಿನ ನೇರಪ್ರಸಾರದಲ್ಲಿ ರಾಮನಾಥಪುರದ ಕಡೆಯ ಮುದುಕರೊಬ್ಬರು ಫೋನಿಗೆ ಸಿಕ್ಕರು. “ಅಮ್ಮಣ್ಣಿ, ವಗೆಸೊಪ್ಪಿನ ರೇಟು ಯಾವಾಗ ಯೋಳ್ತೀರಾ? ದಿನಾ ಕಾಯ್ತಾ ಇವ್ನಿ” ಎಂದರು. ಗಾಜಿನಾಚೆ ಕೂತಿದ್ದ ರುದ್ರೇಶ ಕತ್ತು ಕೊಯ್ಯುವಂತೆ ಕೈಯಾಡಿಸಿದ. ಅವಳು ಫೋನು ಕತ್ತರಿಸಿದಳು. ಮುದುಕರ ಮಾತಿನ ಬಾಲಕ್ಕೆ ಕಂಪ್ಯೂಟರಿನಿಂದ ಹುಡುಗರ ಕೇಕೆಯ ಸದ್ದು ಹಾಕಿದರು. ಅವತ್ತು ಮನೆಗೆ ಬಂದು ಬ್ಯಾಗನ್ನು ಮಂಚಕ್ಕೆ ಎಸೆದಳು.

“ಆ ಯಜಮಾನ್ರು ಏನ್ ತಪ್ಪು ಮಾಡಿದ್ರು ಅಂತ ಅವರ ಮೇಲೆ ಕೇಕೆ ಹಾಕ್ಸುದ್ರು? ನನ್ನ ಕೈಯಲ್ಲೇ ಕಟ್ ಮಾಡ್ಸುದ್ರಲ್ಲ!” ಎಂದು ಮನುವಿನ ಮುಂದೆ ಕೂಗಾಡಿದಳು. ಆದರೆ ಕೆಲಸ ಬೇಕಿತ್ತು.

ಇಷ್ಟು ಮಾಡಿಯೂ ಹನಿ ಎಫ್‌ಎಂ ನಡೆಯಲಿಲ್ಲ. ರುದ್ರೇಶ ಅದನ್ನು ಬೆಂಗಳೂರಿನ ಕಂಪನಿಯೊಂದಕ್ಕೆ ಮಾರಿದ. ಕಂಪನಿಯ ಕಡೆಯಿಂದ ಮ್ಯಾನೇಜರಾಗಿ ರಜನೀಶ್ ಎಂಬುವನು ಬಂದ. ಮಾತು ಬೆಣ್ಣೆ, ಮುಖದಲ್ಲಿ ಸದಾ ನಗು. ಬಂದವನೇ ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳನ್ನು ತೋರಿಸಿ, “ಸಣ್ಣ ಊರಿನ ಜನಕ್ಕೆ ಲೋಕಲ್ ಫ್ಲೇವರ್ ಬೇಕು ಮೇಡಂ. ನಮ್ಮವಳು ಅನ್ನಿಸಬೇಕು. ನಿಮಗೊಂದು ಸೂಪರ್ ಕ್ಯಾರೆಕ್ಟರ್ ಇದೆ” ಎಂದ.

ಆ ಕ್ಯಾರೆಕ್ಟರಿನ ಹೆಸರು ಅಳ್ಳಿ ಅನುಮಕ್ಕ. ಪೇಟೆಗೆ ಬಂದು ಎಟಿಎಂ ಮೆಷಿನ್ನಿಗೆ ಅರಿಸಿನ ಕುಂಕುಮ ಇಡುವ, ಲಿಫ್ಟಿನೊಳಗೆ ಚಪ್ಪಲಿ ಬಿಡುವ, ಕೇಳಿದ್ದನ್ನೆಲ್ಲ ತಪ್ಪಾಗಿ ತಿಳಿದುಕೊಳ್ಳುವ ಹಳ್ಳಿ ಹೆಂಗಸು. ಹಿಂದೆ ಮುಂದೆ ಕೋಳಿ ಕೊಕ್ಕೊಕ್ಕೋ ಅನ್ನುವ ಸಂಗೀತ, ಕೊನೆಗೆ ಗೊಳ್ಳೆಂದು ನಗು.

“ನಾನ್ಯಾಕೆ?” ಎಂದಳು ನಾಗಲಕ್ಷ್ಮಿ.

“ನಿಮಗೆ ನ್ಯಾಚುರಲ್ ಆಗಿ ಬರುತ್ತಲ್ಲ! ಹ ಬಿಟ್ಟು ಮಾತಾಡಿ, ಪ್ರತಿ ಸಾಲಿಗೂ ಒಂದು ಕಣ್ಲಾ ಹಾಕಿ. ಇನ್ನೂ ಸ್ವಲ್ಪ ದಡ್ಡತನ ಸೇರಿಸಿ, ಸಾಕು.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಅವ್ವ ಆಡಿದ ಮಾತು, ಅಪ್ಪ ಇವತ್ತಿಗೂ ಆಡುವ ಮಾತು. ಆಯ್ಕೆಯ ದಿನ ಅದು ಕೊಳೆಯಾಗಿತ್ತು, ತೊಳೆಯಬೇಕಿತ್ತು. ಈಗ ಅದೇ ಮಾತು ಬೇಕಂತೆ, ಬೇಕಾಗಿರುವುದು ನಗಲಿಕ್ಕಂತೆ. ಮಾತಾಡುವವರಿಗೆ ಬುದ್ಧಿಯಿಲ್ಲ ಎಂದು ತೋರಿಸಲಿಕ್ಕಂತೆ. ಆಗುವುದಿಲ್ಲ ಎಂದು ಹೇಳಿ ಎದ್ದು ಬಂದಳು. ಮಾರನೆಯ ದಿನವೂ ಆಗುವುದಿಲ್ಲ ಎಂದಳು.

ಕೊನೆಗೆ ಅವಳು ಒಪ್ಪಿದ್ದಕ್ಕೆ ಕಾರಣ ಆನೆ.

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಯಲ್ಲಿ ಶಿವಯ್ಯ ಎಂಬವರಿದ್ದರು. ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಹೊನ್ನಾರು ಕಾಲದಲ್ಲಿ ಪತ್ರ ಬರೆಯುತ್ತಿದ್ದವರು, ಆಮೇಲೂ ಆಗಾಗ ಫೋನು ಮಾಡುತ್ತಿದ್ದರು. ಆ ಕಡೆ ಕಾಡಾನೆಗಳ ಕಾಟ ವರ್ಷವರ್ಷಕ್ಕೆ ಹೆಚ್ಚುತ್ತಿತ್ತು. ಇವತ್ತು ಈ ಊರಿನ ಶುಂಠಿ ಹೊಲದಲ್ಲಿದ್ದ ಗುಂಪು ನಾಳೆ ಹೊಳೆ ದಾಟಿ ಇನ್ನೊಂದು ಊರಿನ ಜೋಳಕ್ಕೆ ಬೀಳುತ್ತಿತ್ತು. ಅರಣ್ಯ ಇಲಾಖೆಯ ಆನೆ ಕಾಯುವ ತಂಡದ ಹುಡುಗರು ಗುಂಪು ಎಲ್ಲಿದೆ ಎಂದು ಶಿವಯ್ಯನಿಗೆ ತಿಳಿಸುತ್ತಿದ್ದರು. ದೊಡ್ಡ ಫೋನಿದ್ದವರಿಗೆ ಮೆಸೇಜು ಮುಟ್ಟುತ್ತಿತ್ತು. ಆದರೆ ನಸುಕಿನಲ್ಲಿ ಹುಲ್ಲಿಗೆ ಹೋಗುವ ಹೆಂಗಸರ ಕೈಯಲ್ಲಿ ದೊಡ್ಡ ಫೋನೆಲ್ಲಿ? ಅವರ ಕೊಟ್ಟಿಗೆಯಲ್ಲಿ ಇದ್ದದ್ದು ರೇಡಿಯೋ.

“ಸಂಜೆ ಒತ್ತು ಎಲ್ಡು ನಿಮಿಷ ಯೋಳ್ಬುಡಿ ತಾಯಿ, ಆನೆ ಎಲ್ಲವ್ವೆ ಅಂತ. ನಾನು ಫೋನ್ ಮಾಡಿ ತಿಳುಸ್ತೀನಿ” ಎಂದರು ಶಿವಯ್ಯ.

ನಾಗಲಕ್ಷ್ಮಿ ರಜನೀಶನ ಮುಂದೆ ನಿಂತಳು. ಅವನು ತಲೆಯಲ್ಲಾಡಿಸಿದ. “ಪ್ರೈವೇಟ್ ಸ್ಟೇಷನ್ನಿನವರು ನ್ಯೂಸ್ ಓದೋ ಹಾಗಿಲ್ಲ ಮೇಡಂ. ಆನೆ ಬಂತು ಅನ್ನೋದು ನ್ಯೂಸ್.”

“ನಿಮ್ಮ ಬೆಂಗಳೂರಲ್ಲಿ ಯಾವ ಸಿಗ್ನಲ್ಲಲ್ಲಿ ಗಾಡಿ ನಿಂತಿದಾವೆ ಅಂತ ದಿನಾ ಹೇಳ್ತೀರಲ್ಲ, ಅದು ನ್ಯೂಸ್ ಅಲ್ವಾ?”

“ಅದು ಟ್ರಾಫಿಕ್ಕು.”

“ಇದೂ ನಮ್ಮ ಟ್ರಾಫಿಕ್ಕೇ.”

ರಜನೀಶ್ ನಕ್ಕ. ಆಮೇಲೆ ಮೆತ್ತಗೆ, “ಸರಿ, ಎರಡು ನಿಮಿಷ ಕೊಡೋಣ. ನೀವು ಹನುಮಕ್ಕ ಮಾಡಿಕೊಡಿ” ಎಂದ.

ಹೀಗೆ ಆಯಿತು ಕರಾರು. ದಿನಕ್ಕೆ ನಾಲ್ಕು ಸಲ ಕೋಳಿ ಸಂಗೀತದ ನಡುವೆ ಅವಳು ಅಳ್ಳಿ ಅನುಮಕ್ಕ. ಸಂಜೆ ಎರಡು ನಿಮಿಷ ಅವಳು ನಾಗಲಕ್ಷ್ಮಿ, ಕಾರ್ಯಕ್ರಮದ ಹೆಸರು ‘ಆನೆ ದಾರಿ’. ಅನುಮಕ್ಕ ಜನಪ್ರಿಯಳಾದಳು. ಸೊಪ್ಪಿನವಳೂ ಈಗ “ಏನ್ ಅನುಮಕ್ಕ” ಎಂದು ಕೂಗುತ್ತಿದ್ದಳು. ಹರದನಹಳ್ಳಿಗೆ ಹೋದಾಗ ಅವಳ ಚಿಕ್ಕಮ್ಮ ಲಕ್ಕಮ್ಮ ಊಟಕ್ಕೆ ಬಡಿಸುತ್ತಾ, “ನಮ್ಮಂಗೆ ಮಾತಾಡಿ ನಗುಸ್ತೀಯಂತಲ್ಲ ಮಗ” ಎಂದಳು. ಬೈದದ್ದಲ್ಲ, ಸುಮ್ಮನೆ ಕೇಳಿದ್ದು. ನಾಗಲಕ್ಷ್ಮಿ ಅರ್ಧಕ್ಕೇ ಕೈ ತೊಳೆದು ಎದ್ದಳು. ಅಂಥ ದಿನ ಅವಳು ಆ ಎರಡು ನಿಮಿಷವನ್ನು ನೆನೆದುಕೊಳ್ಳುತ್ತಿದ್ದಳು.

ಮುಂದಿನ ಬದಲಾವಣೆ ಸದ್ದಿಲ್ಲದೆ ಬಂತು. ಹಾಸನದ ಸ್ಟುಡಿಯೋಗೆ ಬೀಗ ಬಿತ್ತು. ಟವರು ಮಾತ್ರ ಇಲ್ಲಿ, ಹಾಡು ಬೆಂಗಳೂರಿನ ಕಂಪ್ಯೂಟರಿನಿಂದ. ಮಾತೆಲ್ಲ ಮೊದಲೇ ರೆಕಾರ್ಡ್ ಮಾಡಿ ಕಳಿಸಿಬಿಡಬೇಕು, ಹೊತ್ತಿಗೆ ಸರಿಯಾಗಿ ಕಂಪ್ಯೂಟರೇ ಹಾಕಿಕೊಳ್ಳುತ್ತದೆ. ನಾಗಲಕ್ಷ್ಮಿ ಮನೆಯ ಬಟ್ಟೆ ಬೀರುವಿನ ಬಾಗಿಲು ತೆರೆದು, ಸೀರೆಗಳ ಮಧ್ಯೆ ಮುಖವಿಟ್ಟು, ಫೋನಿನಲ್ಲಿ ರೆಕಾರ್ಡ್ ಮಾಡತೊಡಗಿದಳು. ಅಲ್ಲಾದರೆ ದನಿ ಮಾರ್ದನಿಸುತ್ತಿರಲಿಲ್ಲ.

“ಆನೆ ದಾರೀನೂ ವಾರಕ್ಕೊಂದು ಸಲ ಕಳಿಸಿಬಿಡಿ” ಎಂದ ರಜನೀಶ್.

“ವಾರದ ಮುಂಚೆ ಆನೆ ನಂಗೆ ಹೇಳಿ ಬರುತ್ತಾ?”

ಜಗಳವಾಡಿ ದಿನದಿನವೂ ಕಳಿಸುವುದೆಂದು ಒಪ್ಪಿಸಿದಳು. ಬೆಂಗಳೂರಿನಲ್ಲಿ ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದವಳು ಸ್ನೇಹಲತಾ ಎಂಬ ಹುಡುಗಿ. ಎಂಟು ಊರಿನ ಸ್ಟೇಷನ್ನುಗಳಿಗೆ ಅವಳೊಬ್ಬಳೇ.

ಜೋಳ ಕಾಳು ಕಟ್ಟುವ ಕಾಲ. ಒಂದು ಸಂಜೆ ನಾಗಲಕ್ಷ್ಮಿ, ಗುಂಪು ಹೊಳೆ ದಾಟಿ ಆಚೆ ಹೋಗಿದೆ, ಮಲ್ಲಿಪಟ್ಟಣದ ಕಡೆಯವರು ಬೆಳಿಗ್ಗೆ ಹೊಲಕ್ಕೆ ಹೋಗಬಹುದು ಎಂದು ಹೇಳಿದ್ದಳು. ಮಾರನೆಯ ದಿನ ಶಿವಯ್ಯ ಫೋನು ಮಾಡಿ, ಒಂಟಿ ಸಲಗವೊಂದು ವಾಪಸು ಬಂದಿದೆ, ಬಿಸಿಲೇರುವ ತನಕ ಯಾರೂ ಹೊರಗೆ ಕಾಲಿಡಬಾರದು ಎಂದರು. ಅವಳು ಅದನ್ನು ಒತ್ತಿ ಒತ್ತಿ ಎರಡು ಸಲ ಹೇಳಿ ರೆಕಾರ್ಡ್ ಮಾಡಿ ಕಳಿಸಿದಳು. ಅವತ್ತು ಸ್ನೇಹಲತಾಗೆ ರಜೆ. ಫೈಲು ಹಾಕುವವರೇ ಇರಲಿಲ್ಲ. ಹೊಸದು ಸಿಗದ ಕಂಪ್ಯೂಟರು ಹಿಂದಿನ ದಿನದ್ದನ್ನೇ ತೆಗೆದು ಹಾಕಿತು. ಮಗಳ ಕಾಲೇಜಿನ ಪೋಷಕರ ಸಭೆಯಲ್ಲಿ ಕೂತಿದ್ದ ನಾಗಲಕ್ಷ್ಮಿಗೆ ಅದು ಗೊತ್ತಾಗಲಿಲ್ಲ. ಶಿವಯ್ಯ ಡೇರಿಯಲ್ಲಿ ಹಾಲು ಅಳೆಯುತ್ತಿದ್ದರು.

ಮಲ್ಲಿಪಟ್ಟಣದ ಹತ್ತಿರದ ಇನ್ನೊಂದು ಊರಿನ ಲಕ್ಷ್ಮಿದೇವಮ್ಮ ಕೊಟ್ಟಿಗೆಯಲ್ಲಿ ಆ ಮಾತು ಕೇಳಿಸಿಕೊಂಡಳು. ಬೆಳಿಗ್ಗೆ ಹೋಗಬಹುದು ಎಂದಿತು ರೇಡಿಯೋ. ಬೆಳಕು ಹರಿಯುತ್ತಲೇ ಕುಡುಗೋಲು ಹಿಡಿದು ಜೋಳದ ಹೊಲದ ಬದುವಿಗೆ ಹುಲ್ಲಿಗೆ ಹೋದಳು. ಸಲಗ ಜೋಳದೊಳಗೇ ನಿಂತಿತ್ತು. ಸೊಂಡಿಲಿನಿಂದ ಎತ್ತಿ ಬಿಸಾಡಿತು. ಅವಳು ಹೋಗಿ ಬಿದ್ದದ್ದು ಕಾಲುವೆಯ ಕೆಸರಿಗೆ, ಅದರಿಂದ ಜೀವ ಉಳಿಯಿತು. ತೊಡೆಯ ಮೂಳೆ ಮುರಿದಿತ್ತು, ಪಕ್ಕೆಲುಬು ಬಿರಿದಿದ್ದವು.

ಶಿವಯ್ಯನ ಫೋನು ಬಂದಾಗ ನಾಗಲಕ್ಷ್ಮಿ ಸಿಂಧುವಿಗೆ ತಿಂಡಿ ಹಾಕುತ್ತಿದ್ದಳು. ಆ ಮನುಷ್ಯ ಅಷ್ಟು ವರ್ಷದಲ್ಲಿ ಒಂದು ಸಲವೂ ದನಿಯೇರಿಸಿದವರಲ್ಲ.

“ನಾನ್ ಯೋಳಿದ್ದೇನು, ನೀನ್ ಯೋಳಿದ್ದೇನವ್ವ? ಬ್ಯಾಡ ಅಂತ ಬಡ್ಕಂಡೆ, ಓಗಬೌದು ಅಂದ್ಬುಟ್ಟಲ್ಲ! ಆಯಮ್ಮ ಸಾಯ್ತಾ ಬಿದ್ದೈತೆ ಇಲ್ಲಿ!”

“ಇಲ್ಲ ಶಿವಯ್ಯನೋರೇ, ಬೇಡ ಅಂತಲೇ ಹೇಳಿದೀನಿ, ಎರಡು ಸಲ ಹೇಳಿದೀನಿ...” ಎನ್ನುತ್ತಲೇ ಅವಳಿಗೆ ಏನಾಗಿದೆ ಎಂದು ಹೊಳೆಯಿತು.

ಸ್ನೇಹಲತಾಗೆ ಫೋನು ಮಾಡಿದಳು. ಆ ಹುಡುಗಿ ಅತ್ತುಬಿಟ್ಟಳು. “ಅಕ್ಕ, ರಜೆ ಹಾಕುವಾಗಲೇ ಕೇಳಿದ್ದೆ, ನನ್ನ ಬದಲು ಯಾರು ಅಂತ. ಒಂದು ದಿನ ತಾನೇ, ನಡೆಯುತ್ತೆ ಅಂದ್ರು.” ನಾಗಲಕ್ಷ್ಮಿಗೆ ಅವಳನ್ನು ಬೈಯಲು ಬಾಯಿ ಬರಲಿಲ್ಲ.

ಹಾಸನದ ಆಸ್ಪತ್ರೆಗೆ ಹೋದಾಗ ಲಕ್ಷ್ಮಿದೇವಮ್ಮನ ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಐವತ್ತು ದಾಟದ ಗಟ್ಟಿ ಹೆಂಗಸು. ಸುತ್ತ ಗಂಡ, ಮೈದುನ, ಸೊಸೆ. ನಾಗಲಕ್ಷ್ಮಿ ಹೆಸರು ಹೇಳುತ್ತಿದ್ದಂತೆ ಮೈದುನ ಮುಂದೆ ಬಂದು, “ಅನುಮಕ್ಕ ಬಂದ್ಲು ನೋಡ್ರಪ್ಪ, ನಗ್ರಿ ಈಗ!” ಎಂದ. ಅವಳು ತಲೆ ತಗ್ಗಿಸಿದಳು. ಲಕ್ಷ್ಮಿದೇವಮ್ಮ ಕೈಸನ್ನೆಯಿಂದ ಅವನನ್ನು ಸುಮ್ಮನಾಗಿಸಿ, ಹತ್ತಿರ ಕರೆದಳು. ಉಸಿರೆಳೆದರೆ ಪಕ್ಕೆ ನೋಯುತ್ತಿದ್ದುದರಿಂದ ಮಾತು ತುಂಡುತುಂಡಾಗಿ ಬಂತು.

“ನಿನ್ ಮ್ಯಾಲೆ ನಂಗೆ ಕ್ವಾಪ ಇಲ್ಲ ಕಣವ್ವ. ಒಂದ್ ಮಾತು ಕೇಳ್ತೀನಿ. ರೇಡಿಯೋ ನಂಬ್ಕಂಡು ಒಲಕ್ಕೆ ಒಂಟ್ಲಲ್ಲ ದಡ್ಡಿ, ಅನುಮಕ್ಕನಂಗೆ ತೆಪ್ಪುತೆಪ್ಪಾಗಿ ಕೇಳಿಸ್ಕಂಡವ್ಳೆ ಅಂತ ಎಲ್ರೂ ಅಂತಾವ್ರೆ. ನಾನು ಸರಿಯಾಗೇ ಕೇಳಿಸ್ಕಂಡೆ. ಓಗಬೌದು ಅಂತ್ಲೇ ಅಂತು. ಅಲ್ವಾ?”

“ಹೌದು ಕಣಕ್ಕ. ಸರಿಯಾಗೇ ಕೇಳಿಸ್ಕೊಂಡಿದೀರ. ತಪ್ಪು ನಮ್ಮದು.”

“ಅಂಗಾದ್ರೆ ಅದನ್ನ ಯೋಳು. ನಂಗಲ್ಲ, ಎಲ್ರುಗೂ ಯೋಳು” ಎಂದಳು ಲಕ್ಷ್ಮಿದೇವಮ್ಮ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ನಾಗಲಕ್ಷ್ಮಿ ರಜನೀಶನಿಗೆ ಫೋನು ಮಾಡಿದಳು. ಸ್ಟುಡಿಯೋ ಮುಚ್ಚಿದಾಗಲೇ ಅವನು ಬೆಂಗಳೂರಿನ ಆಫೀಸಿಗೆ ಹೋಗಿ ಕೂತಿದ್ದ. ನಡೆದದ್ದು ಅವನಿಗೆ ತಿಳಿದಿತ್ತು.

“ತುಂಬಾ ಬೇಜಾರಾಯ್ತು ಮೇಡಂ. ಸಿಸ್ಟಮ್ ಎರರ್ ಅದು.”

“ಸಿಸ್ಟಮ್ ಅಲ್ಲ. ಫೈಲ್ ಹಾಕೋಕೆ ಯಾರನ್ನೂ ಇಡ್ಲಿಲ್ಲ ನೀವು. ಇವತ್ತು ಸಂಜೆ ರೇಡಿಯೋದಲ್ಲೇ ಹೇಳ್ಬೇಕು, ತಪ್ಪು ನಮ್ಮದು ಅಂತ.”

“ಅದು ಮಾತ್ರ ಆಗಲ್ಲ. ಲೀಗಲ್‌ನವರು ಬೇಡ ಅಂದಿದಾರೆ. ಕ್ಷಮೆ ಕೇಳಿದ್ರೆ ತಪ್ಪು ಒಪ್ಪಿಕೊಂಡ ಹಾಗೆ.”

“ತಪ್ಪೇ ತಾನೇ ಮಾಡಿರೋದು?”

ರಜನೀಶ್ ಅದೇ ಬೆಣ್ಣೆಯಂಥ ದನಿಯಲ್ಲಿ, “ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ವಾಯ್ಸ್ ನಿಮ್ಮದಲ್ವಾ? ನಾಳೆ ಕೇಸು ಗೀಸು ಅಂತಾದ್ರೆ ಮೊದಲು ಕೇಳೋದು ನಿಮ್ಮನ್ನ. ಸುಮ್ಮನಿದ್ದುಬಿಡಿ. ಆನೆ ದಾರಿ ಸದ್ಯಕ್ಕೆ ನಿಲ್ಲಿಸೋಣ. ಮುಂದಿನ ವಾರದ ಹನುಮಕ್ಕ ಮಾತ್ರ ಕಳಿಸಿಬಿಡಿ. ಅಂದ ಹಾಗೆ, ಒಂದರಲ್ಲಿ ಆನೆ ಜೋಕ್ ಇರಲಿ. ಊರಲ್ಲೆಲ್ಲ ಅದೇ ಮಾತಲ್ವಾ, ಟಾಪಿಕಲ್ ಆಗಿರುತ್ತೆ” ಎಂದ.

ಮೇಲಿನ ವಾರ್ಡಿನಲ್ಲಿ ಒಬ್ಬಳು ಉಸಿರೆಳೆಯಲಾರದೆ ಮಲಗಿದ್ದಾಳೆ, ಇವನಿಗೆ ಆನೆ ಜೋಕು ಬೇಕು. ಸುಳ್ಳು ಹೇಳಿದ್ದು ಅವರ ಯಂತ್ರ, ದನಿ ನನ್ನದಾದ್ದರಿಂದ ಕಟಕಟೆಗೆ ನಾನು. ನಾಲಿಗೆ ತಿದ್ದುವಾಗ, ಹೆಸರು ಕತ್ತರಿಸುವಾಗ, ದಡ್ಡಿಯ ವೇಷ ಹಾಕಿಸುವಾಗ ಅದು ಕಂಪನಿಯ ದನಿ. ಏಟು ಬಿದ್ದಾಗ ಮಾತ್ರ ನಾಗಲಕ್ಷ್ಮಿಯ ದನಿ! ಫೋನಿಟ್ಟವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೋಗಿಬರುವವರು ಯಾರದೋ ಸಾವಾಗಿರಬೇಕೆಂದು ಕನಿಕರದಿಂದ ನೋಡಿದರು.

ಮನೆಗೆ ಬಂದು ಮನುವಿಗೆ ಎಲ್ಲ ಹೇಳಿದಳು. ತಾನು ಏನು ಮಾಡಬೇಕೆಂದಿದ್ದೇನೆ ಎಂಬುದನ್ನೂ ಹೇಳಿದಳು.

“ಕೆಲಸ ಓಗ್ತದೆ ಕಣೆ” ಎಂದ ಮನು.

“ಓಗ್ಲಿ.”

ಅವನು ಎದ್ದು ಫ್ಯಾನು ಆರಿಸಿದ, ಸದ್ದು ಬರಬಾರದೆಂದು. ಕಿಟಕಿಯನ್ನೂ ಮುಚ್ಚಿದ.

ಬೀರುವಿನ ಸೀರೆಗಳ ಮುಂದೆ ನಿಂತು ಅವಳು ಮೊದಲು, “ಕೇಳುಗರಿಗೆ ವಿಷಾದಪೂರ್ವಕವಾಗಿ ತಿಳಿಸುವುದೇನೆಂದರೆ” ಎಂದು ಶುರುಮಾಡಿದಳು. ಸರ್ಕಾರಿ ಪ್ರಕಟಣೆಯಂತೆ ಕೇಳಿಸಿತು. ಅಳಿಸಿದಳು. ಎರಡನೆಯ ಸಲ ಮಧ್ಯದಲ್ಲೇ ಅಳು ಬಂತು. ಅದನ್ನೂ ಅಳಿಸಿದಳು. ಆಸ್ಪತ್ರೆಯ ಮಂಚದ ಪಕ್ಕ ಕೂತು ಲಕ್ಷ್ಮಿದೇವಮ್ಮನ ಊರಿನವರಿಗೇ ಹೇಳುತ್ತಿದ್ದೇನೆ ಎಂದುಕೊಂಡು ಮೂರನೆಯ ಸಲ ಬಾಯಿ ತೆರೆದಳು. ಆಗ ಬಂದದ್ದು ಹರದನಹಳ್ಳಿಯ ಮಾತು.

“ನಾನು ನಾಗಲಕ್ಷ್ಮಿ ಮಾತಾಡ್ತಾ ಇವ್ನಿ, ಅನುಮಕ್ಕ ಅಲ್ಲ. ಮೊನ್ನೆ ಸಂಜೆ ಆನೆ ದಾರೀಲಿ ನೀವು ಕೇಳಿದ್ದು ಅವತ್ತಿನ ಮಾತಲ್ಲ, ಅದ್ರ ಮುಂಚಿನ ದಿನದ್ದು. ಓಗಬ್ಯಾಡಿ ಅಂತ ನಾನು ಯೋಳಿ ಕಳ್ಸಿದ್ದೆ. ಅದನ್ನ ಆಕಕ್ಕೆ ಬೆಂಗಳೂರಲ್ಲಿ ಯಾರೂ ಇರ್ಲಿಲ್ಲ. ಅದ್ರಿಂದ ಲಕ್ಷ್ಮಿದೇವಮ್ಮನ ಕಾಲು ಮುರೀತು. ಅವ್ರು ದಡ್ಡಿ ಅಲ್ಲ, ಸರಿಯಾಗೇ ಕೇಳಿಸ್ಕಂಡ್ರು. ತೆಪ್ಪು ಯೋಳಿದ್ದು ನಾವು. ಇದನ್ನ ಯೋಳಬ್ಯಾಡ ಅಂತ ನಂಗೆ ಯೋಳವ್ರೆ. ನಿಮ್ಮ ಮಾತು ಆಡ್ಕಂಡು ನಿಮ್ಮನ್ನೇ ನಗಾಡಂಗೆ ಮಾಡಿದ್ನಲ್ಲ, ಅದುಕ್ಕೂ ಕೈಮುಗೀತೀನಿ. ಇನ್ಮ್ಯಾಲೆ ಈ ರೇಡಿಯೋದಲ್ಲಿ ಆನೆ ಇಚಾರ ಬಂದ್ರೆ ನಂಬಬ್ಯಾಡಿ. ಡೇರೀಲಿ ಕೇಳ್ಕಂಡು ಓಗಿ.”

ಆ ಫೈಲಿಗೆ ಸೋಮವಾರದ ಹನುಮಕ್ಕ ಎಂದು ಹೆಸರು ಕೊಟ್ಟು, ವಾರದ ಉಳಿದ ಕಂತುಗಳ ಬದಲು ಅದೊಂದನ್ನೇ ಕಳಿಸಿದಳು. ಫೈಲುಗಳನ್ನು ಅಲ್ಲಿ ಯಾರೂ ಕೇಳಿ ನೋಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೇಳಿ ನೋಡುವವರಿದ್ದಿದ್ದರೆ ಲಕ್ಷ್ಮಿದೇವಮ್ಮ ಆಸ್ಪತ್ರೆಗೆ ಬರಬೇಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಕೋಳಿ ಕೊಕ್ಕೊಕ್ಕೋ ಎಂದಿತು. ಆಮೇಲೆ ಅವಳ ಮಾತು. “ಡೇರೀಲಿ ಕೇಳ್ಕಂಡು ಓಗಿ” ಎಂಬುದರ ಬೆನ್ನಿಗೇ ಕಂಪ್ಯೂಟರು ಎಂದಿನಂತೆ ಗೊಳ್ಳೆಂದು ನಕ್ಕಿತು. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ನಾಗಲಕ್ಷ್ಮಿಗೆ ಆ ನಗುವಿನಷ್ಟು ಅಸಹ್ಯವಾದದ್ದನ್ನು ಹಿಂದೆಂದೂ ಕೇಳಿದ ನೆನಪಿರಲಿಲ್ಲ. ಮಧ್ಯಾಹ್ನ ಮತ್ತೆ ಬಂತು. ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದವರು ಹೊರಗೆ ತಲೆ ಹಾಕಿ ಕೇಳಿದರಂತೆ. ಅರಕಲಗೂಡಿನ ಹೋಟೆಲೊಂದರಲ್ಲಿ ಯಾರೋ ಅದನ್ನು ಫೋನಿನಲ್ಲಿ ಹಿಡಿದು ಎಲ್ಲ ಕಡೆಗೂ ಹಂಚಿದರು. ಸಂಜೆ ಮೂರನೆಯ ಸಲ, ದೀಪ ಹಚ್ಚುವ ಹೊತ್ತಿಗೆ ನಾಲ್ಕನೆಯ ಸಲ. ಅಷ್ಟು ಹೊತ್ತೂ ಕಂಪನಿಯವರೊಬ್ಬರಿಗೂ ತಮ್ಮ ರೇಡಿಯೋ ಏನು ಮಾತಾಡುತ್ತಿದೆ ಎಂದು ಗೊತ್ತಾಗಲಿಲ್ಲ. ಆಮೇಲೆ ರಜ‌ನೀಶನ ಫೋನು ಬಂತು. ಆ ದನಿಯಲ್ಲಿ ಬೆಣ್ಣೆಯಿರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, “ನಿಮ್ಮ ರೇಡಿಯೋ ನೀವೂ ಒಂದೊಂದ್ಸಲ ಕೇಳಿ ಸಾರ್” ಎಂದು ಇಟ್ಟಳು.

ಕೆಲಸ ಹೋಯಿತು. ಒಂದು ವಕೀಲರ ನೋಟಿಸೂ ಬಂತು, ಮುಂದೆ ಏನೂ ಆಗಲಿಲ್ಲ. ಕಂಪನಿ ಕ್ಷಮೆಯನ್ನೂ ಕೇಳಲಿಲ್ಲ, ಆಸ್ಪತ್ರೆಗೆ ಒಬ್ಬರನ್ನೂ ಕಳಿಸಲಿಲ್ಲ. ಹಾಸನದ ಮಾತೇ ಬೇಡವೆಂದು ತೀರ್ಮಾನಿಸಿ, ಬೇರೆ ಏಳು ಊರಿಗೆ ಹಾಕುವ ಹಾಡನ್ನೇ ಇಲ್ಲಿಗೂ ಹಾಕತೊಡಗಿತು. ಊರಿನಲ್ಲಿ ಎಲ್ಲರೂ ಅವಳನ್ನು ಹೊಗಳಿದರು ಎಂದೇನಲ್ಲ. ಮಲ್ಲಿಪಟ್ಟಣದ ಕಡೆಯ ಕೆಲವರು, “ಇದ್ದ ಎಲ್ಡು ನಿಮಿಷಾನೂ ಕಳ್ದಾಕುದ್ಲು” ಎಂದರು. ಅದು ಅವಳಿಗೆ ನೋಟಿಸಿಗಿಂತ ಹೆಚ್ಚು ಚುಚ್ಚಿತು. ಲಕ್ಷ್ಮಿದೇವಮ್ಮನ ಮೈದುನ ಮಾತ್ರ ಒಂದು ಚೀಲ ಹಸಿ ಜೋಳ ತಂದು ಬಾಗಿಲಲ್ಲಿಟ್ಟು, ಮುಖ ಎತ್ತದೆ, “ನಮ್ಮತ್ತಿಗೇನ ಈಗ ಯಾರೂ ದಡ್ಡಿ ಅನ್ನಕ್ಕಿಲ್ಲ ಕಣಕ್ಕ” ಎಂದು ಹೇಳಿ ಹೋದ.

ಹೊಸ ಏರ್ಪಾಡು ಮಾಡಿದ್ದು ಶಿವಯ್ಯ. ಆ ಕಡೆಯ ಡೇರಿಗಳಲ್ಲಿ ಮೈಕುಗಳಿದ್ದವು. ಸಂಜೆ ಹಾಲು ಹಾಕಲು ಊರಿನ ಹೆಂಗಸರೆಲ್ಲ ಅಲ್ಲಿಗೆ ಬರುತ್ತಾರೆ. ನೀನು ಫೋನಿನಲ್ಲಿ ಹೇಳಿ ಕಳಿಸು, ನಾವು ಮೈಕಿಗೆ ಹಿಡಿಯುತ್ತೇವೆ ಎಂದರು. ಅವಳು ಒಪ್ಪಲಿಲ್ಲ. ತನ್ನ ದನಿ ಕೇಳಿ ಇನ್ನೊಬ್ಬರು ಹೊಲಕ್ಕೆ ಹೋಗುವುದನ್ನು ನೆನೆದರೇ ಭಯವಾಗುತ್ತಿತ್ತು. ಕೋಲೂರಿಕೊಂಡು ನಡೆಯತೊಡಗಿದ್ದ ಲಕ್ಷ್ಮಿದೇವಮ್ಮನೇ ಫೋನಿಗೆ ಬಂದು ಗದರಿದಳು. “ಬ್ಯಾರೆಯೋರು ಯೋಳುದ್ರೆ ನಾ ಕೇಳಕ್ಕಿಲ್ಲ. ನೀನೇ ಯೋಳು.” ಈಗ ಅವಳು ಪ್ರತಿ ಸಂಜೆ ಮೊದಲು ವಾರ, ತಾರೀಖು ಹೇಳುತ್ತಾಳೆ, ಆಮೇಲೆ ಆನೆ. ಹಾಕಿದ್ದು ಅವತ್ತಿನದೇ ಎಂದು ಶಿವಯ್ಯ ಒಂದೊಂದು ಡೇರಿಗೂ ಫೋನು ಮಾಡಿ ಕೇಳುತ್ತಾರೆ.

ಕಳೆದ ತಿಂಗಳು ರಜನೀಶ್ ಮತ್ತೆ ಫೋನು ಮಾಡಿದ್ದ. ಬೆಣ್ಣೆ ವಾಪಸು ಬಂದಿತ್ತು. ಅವತ್ತಿನ ಕ್ಷಮೆಯ ಕ್ಲಿಪ್ಪನ್ನು ಲಕ್ಷಾಂತರ ಜನ ಕೇಳಿದ್ದಾರಂತೆ. “ಎಮೋಷನಲ್ ಕಂಟೆಂಟ್ ಈಗ ಚೆನ್ನಾಗಿ ಓಡ್ತಿದೆ ಮೇಡಂ. ಹನುಮಕ್ಕನ್ನ ವಾಪಸ್ ತರೋಣ. ಈ ಸಲ ಕಾಮಿಡಿ ಬೇಡ, ಅಳಿಸೋಣ. ಆನೆ, ಹಳ್ಳಿ, ಕಷ್ಟ... ಆ ಯಮ್ಮನ್ನೂ ಒಂದು ದಿನ ಕರೆಸೋಣ, ಕಾಲು ಮುರಿದಿತ್ತಲ್ಲ, ಅವರು. ಸ್ಪಾನ್ಸರ್ ರೆಡಿ ಇದಾರೆ.”

“ಅವರ ಹೆಸರೇನು ಹೇಳಿ” ಎಂದಳು ನಾಗಲಕ್ಷ್ಮಿ.

“ಯಾರದ್ದು?”

“ಕಾಲು ಮುರಿದುಕೊಂಡೋರ್ದು.”

ಆ ಕಡೆ ಕಾಗದವೋ ಕಂಪ್ಯೂಟರೋ ಹುಡುಕುತ್ತಿರುವ ಶಬ್ದ. ಅವಳು ಅಷ್ಟು ಹೊತ್ತು ಕಾಯದೆ ಫೋನಿಟ್ಟಳು.

ಶಿವಯ್ಯನ ಮೆಸೇಜು ಆಗಲೇ ಬಂದು ಬಿದ್ದಿತ್ತು: ಎರಡು ಹೆಣ್ಣಾನೆ, ಒಂದು ಮರಿ, ಹೊಳೆಯ ಈಚೆ ದಡದಲ್ಲಿ. ಡೇರಿಗೆ ಜನ ಬರುವ ಹೊತ್ತಾಗುತ್ತಿತ್ತು. ಆದರೆ ಅವಳ ದನಿಯಲ್ಲಿ ಇನ್ನೂ ಸಿಟ್ಟಿತ್ತು. ಆ ದನಿಯಲ್ಲಿ ಹೇಳಿದರೆ ಜನ ಸುಮ್ಮಸುಮ್ಮನೆ ಬೆದರುತ್ತಾರೆ. ಒಂದು ಚೊಂಬು ನೀರು ಕುಡಿದಳು. ಅಂಗಳಕ್ಕೆ ಹೋಗಿ ರಜನೀಶನನ್ನು ಬಾಯ್ತುಂಬ ಬೈದಳು. ಒಳಗೆ ಬಂದು ಬೀರುವಿನ ಬಾಗಿಲು ತೆಗೆದು, “ಇವತ್ತು ಬುಧವಾರ” ಎಂದು ನಿಧಾನವಾಗಿ ಶುರುಮಾಡಿದಳು.